ಲೆಕ್ಕದ ಜೊತೆ ಸುಳಿವನ್ನೂ ಕೊಡುವ ಆ್ಯಪ್: ಐದಕ್ಕೆ ಮೂರು ಸ್ಟಾರ್

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರದ ಲೆಕ್ಕ ಅಭ್ಯಾಸ ಮಾಡಿಸುವ ಈ ಆ್ಯಪ್ ಅನ್ನು ಎರಡನೇ ಸೆಮಿಸ್ಟರ್‌ನಿಂದ ಬಳಸುತ್ತಿದ್ದೇನೆ. ಎಷ್ಟು ಪ್ರಶ್ನೆ, ಎಷ್ಟು ವಿಡಿಯೊ, ಯಾವ ಪ್ಲ್ಯಾನ್‌ಗೆ ಏನು ಸಿಗುತ್ತದೆ ಅನ್ನೋದನ್ನೆಲ್ಲ ಆ್ಯಪ್‌ನ ಪುಟದಲ್ಲೇ ನೀವು ನೋಡಿರುತ್ತೀರಿ. ಅದನ್ನು ಬಿಡ್ತೀನಿ.

ಮೊದಲು ಇಷ್ಟವಾದದ್ದು ಹೇಳುತ್ತೇನೆ. ವಿತರಣೆ ಅಂದರೆ ಯಾವ ಸಂಖ್ಯೆ ಬರುವ ಸಂಭವ ಎಷ್ಟು ಅಂತ ಹೇಳುವ ಮಾದರಿ. ಅದರಲ್ಲಿ ನಾರ್ಮಲ್ ಅನ್ನುವ ವಿತರಣೆಯ ಲೆಕ್ಕ ಬಂದರೆ ಇದು ತಕ್ಷಣ ಉತ್ತರ ಕೇಳುವುದಿಲ್ಲ. ಗಂಟೆಯಾಕಾರದ ಗೆರೆ ತೋರಿಸುತ್ತದೆ. ನಮಗೆ ಬೇಕಾದ ಭಾಗಕ್ಕೆ ಬೆರಳಲ್ಲಿ ಎಳೆದು ಬಣ್ಣ ತುಂಬಬೇಕು. ಆಮೇಲೆ ಒಂದು ಅಂದಾಜು ಹಾಕಬೇಕು. ಆ ಭಾಗದ ಸಂಭವ ಎಷ್ಟು ಅಂತ ಹೇಳುವ ಪಟ್ಟಿ, ಅಂದರೆ ಝಡ್ ಟೇಬಲ್, ತೆರೆದುಕೊಳ್ಳುವುದು ಅದಾದ ಮೇಲೆಯೇ. ರಾತ್ರಿ ದೀಪ ಆರಿಸುವ ಮುಂಚೆ ಇಂಥ ನಾಲ್ಕೈದು ಲೆಕ್ಕ ಮಾಡುವುದು ನನಗೆ ರೂಢಿಯಾಗಿದೆ. ಪಕ್ಕದಲ್ಲಿ ಒಂದು ಹಳೆ ನೋಟ್‌ಬುಕ್, ಮೊಂಡು ಪೆನ್ಸಿಲ್. ಬಣ್ಣ ತುಂಬುವುದು, ಅಂದಾಜು ಬರೆಯುವುದು, ಲೆಕ್ಕ ಮಾಡುವುದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಅಂದಾಜು ಹತ್ತಿರ ಬಂದರೆ ಆಗುವ ಖುಷಿ ಸರಿ ಉತ್ತರ ಬಂದಾಗಲೂ ಆಗಲ್ಲ.

ಇದು ಸುಮ್ನೆ ಆಟ ಅಲ್ಲ. ಸರಾಸರಿ 50, ವೇರಿಯನ್ಸ್ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) 16 ಇದೆ ಅಂದುಕೊಳ್ಳಿ. 55ಕ್ಕಿಂತ ಕಡಿಮೆ ಬರುವ ಸಂಭವ ಎಷ್ಟು? ವೇರಿಯನ್ಸ್ 16 ಅಂದರೆ ಅದರ ವರ್ಗಮೂಲವಾದ ಸ್ಟ್ಯಾಂಡರ್ಡ್ ಡೀವಿಯೇಷನ್ 4. 55 ಸರಾಸರಿಯಿಂದ ಎಷ್ಟು ಸ್ಟ್ಯಾಂಡರ್ಡ್ ಡೀವಿಯೇಷನ್ ದೂರ ಅನ್ನೋದೇ ಝಡ್. ಇಲ್ಲಿ ಝಡ್ 1.25, ಉತ್ತರ 0.8944. ಆದರೆ ಕೆಲವು ಪುಸ್ತಕಗಳ ಟೇಬಲ್ ಸೊನ್ನೆಯಿಂದ ಝಡ್‌ವರೆಗಿನ ಭಾಗವನ್ನು ಮಾತ್ರ ಕೊಡುತ್ತದೆ. ಅಲ್ಲಿ ಸಿಗುವುದು 0.3944, ಎಡಗಡೆಯ ಅರ್ಧವನ್ನು ನಾವೇ ಸೇರಿಸಬೇಕು. ಚಿತ್ರದಲ್ಲಿ ಅರ್ಧಕ್ಕಿಂತ ಜಾಸ್ತಿ ಬಣ್ಣ ತುಂಬಿದವರು ಈ ಸಂಖ್ಯೆಯನ್ನು ಹಾಗೇ ಬರೆಯಲಾರರು. ಇನ್ನು 16 ಅನ್ನೇ ಸ್ಟ್ಯಾಂಡರ್ಡ್ ಡೀವಿಯೇಷನ್ ಅಂದುಕೊಂಡರೆ ಉತ್ತರ 0.62ರ ಹತ್ತಿರ ಬರುತ್ತದೆ. ಇದೂ ಅರ್ಧಕ್ಕಿಂತ ಜಾಸ್ತಿಯೇ. ಆದರೂ ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್ ದಾಟಿದ ಮೇಲೆ 0.84ಕ್ಕಿಂತ ಮೇಲೇ ಇರಬೇಕು ಅನ್ನೋದು ಅಷ್ಟರಲ್ಲಿ ಕಣ್ಣಿಗೆ ಅಭ್ಯಾಸ ಆಗಿರುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ.

ತೊಂದರೆ ಏನಂದರೆ, ಯಾವ ವಿತರಣೆ ಬಳಸಬೇಕು ಅಂತ ಆ್ಯಪ್ ಮೊದಲೇ ಹೇಳಿಬಿಡುತ್ತದೆ. ಪಾಠದ ಹೆಸರು ‘ಬೈನಾಮಿಯಲ್’ (ಇಷ್ಟು ಪ್ರಯತ್ನದಲ್ಲಿ ಒಂದು ಘಟನೆ ಎಷ್ಟು ಸಲ ಆಗುತ್ತದೆ ಅಂತ ಎಣಿಸುವ ವಿತರಣೆ). ಪ್ರಶ್ನೆಯಲ್ಲೂ ‘ಎಕ್ಸ್ ಬೈನಾಮಿಯಲ್ ಆಗಿದ್ದರೆ’. ಎಲ್ಲ ಪಾಠ ಕಲಸಿ ಕೊಡುವ ಮಿಕ್ಸ್ ಮೋಡ್‌ನಲ್ಲೂ ಮೇಲೆ ಪಾಠದ ಹೆಸರು ಮಿನುಗುತ್ತಿರುತ್ತದೆ! ಇನ್ನು ಉಳಿಯುವುದೇನು? ಸೂತ್ರಕ್ಕೆ ಸಂಖ್ಯೆ ಹಾಕುವುದು. ಅದನ್ನು ಸ್ಪ್ರೆಡ್‌ಶೀಟ್ ಕಣ್ಣುಮುಚ್ಚಿ ಮಾಡುತ್ತೆ.

ಒಂದು ಪ್ರಶ್ನೆ ನೋಡಿ. ಬ್ಯಾಂಕ್ 20 ಜನರಿಗೆ ಸಾಲ ಕೊಟ್ಟಿದೆ. ಒಬ್ಬೊಬ್ಬರೂ ಸಾಲ ತೀರಿಸದೇ ಇರುವ ಸಂಭವ 0.05. ಬೈನಾಮಿಯಲ್ ಎಂದುಕೊಂಡು, ಒಬ್ಬರೂ ಕೈಕೊಡದಿರುವ ಸಂಭವ ಕಂಡುಹಿಡಿಯಿರಿ. 0.95ರ 20ನೇ ಘಾತ, ಅಂದರೆ 0.358. ಹಸಿರು ಟಿಕ್ ಬಂತು, ಮುಂದಿನ ಪ್ರಶ್ನೆ. ಅರೆ, ಅರ್ಥಶಾಸ್ತ್ರ ಶುರುವಾಗಬೇಕಾದದ್ದೇ ಇಲ್ಲಿ ಅಲ್ವಾ? ಬೈನಾಮಿಯಲ್ ಬಳಸಬೇಕಾದರೆ ಒಬ್ಬರ ಸಾಲಕ್ಕೂ ಇನ್ನೊಬ್ಬರ ಸಾಲಕ್ಕೂ ಸಂಬಂಧ ಇರಬಾರದು. ಆ 20 ಜನರೂ ಒಂದೇ ಕಾರ್ಖಾನೆಯಲ್ಲಿ ದುಡಿಯುವವರಾದರೆ? ಕಾರ್ಖಾನೆ ಮುಚ್ಚಿದರೆ ಎಲ್ಲರ ಸಾಲವೂ ಒಟ್ಟಿಗೇ ನಿಲ್ಲುತ್ತದೆ. ಕೈಕೊಟ್ಟರೆ ಎಲ್ಲರೂ ಒಟ್ಟಿಗೇ, ಇಲ್ಲದಿದ್ದರೆ ಒಬ್ಬರೂ ಇಲ್ಲ ಅನ್ನುವ ತುದಿಗೆ ಹೋದರೆ, ಒಬ್ಬರೂ ಕೈಕೊಡದಿರುವ ಸಂಭವ 0.95, ಎಲ್ಲರೂ ಕೈಕೊಡುವ ಸಂಭವ 0.05. ಎರಡೂ ಕಡೆ 20ರಲ್ಲಿ ಸರಾಸರಿ 1 ಸಾಲ ಮುಳುಗುತ್ತದೆ. ಆದರೆ ವೇರಿಯನ್ಸ್ ಮೊದಲನೆಯದರಲ್ಲಿ 0.95, ಎರಡನೆಯದರಲ್ಲಿ 19. ಅಮೆರಿಕದಲ್ಲಿ 2007-08ರ ಸುಮಾರಿಗೆ ಮನೆಗಳ ಬೆಲೆ ದೇಶದ ತುಂಬ ಕುಸಿದಾಗ ಮನೆಸಾಲಗಳು ಒಂದರ ಹಿಂದೊಂದು ನಿಂತದ್ದೂ ಇದೇ ಜಾತಿಯ ಕಥೆ. ಆ್ಯಪ್ ಮಾತ್ರ ‘ಶಭಾಷ್’ ಅಂದು ಮುಂದೆ ಹೋಗುತ್ತದೆ.

ಆ್ಯಪ್ ಮಾಡಿದವರಿಗೆ ಬರುವುದಿಲ್ಲ ಅಂತಲೂ ಅಲ್ಲ, ಅದಕ್ಕೇ ಸಿಟ್ಟು ಜಾಸ್ತಿ. ಒಂದು ಪ್ರಶ್ನೆಯಲ್ಲಿ ಮಾತ್ರ ವಿತರಣೆಯ ಹೆಸರನ್ನು ಮುಚ್ಚಿಟ್ಟಿದ್ದಾರೆ. ಹಿಂದೆ ಜರ್ಮನಿಯಲ್ಲಿದ್ದ ಪ್ರಷ್ಯಾ ರಾಜ್ಯದ ಸೇನೆಯಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕ ಅದು. 1898ರಲ್ಲಿ ಸಂಖ್ಯಾಶಾಸ್ತ್ರಜ್ಞ ಬೋರ್ಟ್‌ಕೀವಿಚ್ ಪ್ರಕಟಿಸಿದ ಅಂಕಿಅಂಶ. 10 ತುಕಡಿ, 20 ವರ್ಷ, ತುಕಡಿಗೆ ವರ್ಷಕ್ಕೊಂದರಂತೆ ಒಟ್ಟು 200 ದಾಖಲೆ. ಅದರಲ್ಲಿ 109ರಲ್ಲಿ ಯಾರೂ ಸತ್ತಿಲ್ಲ, 65ರಲ್ಲಿ ಒಬ್ಬರು, 22ರಲ್ಲಿ ಇಬ್ಬರು, 3ರಲ್ಲಿ ಮೂವರು, 1ರಲ್ಲಿ ನಾಲ್ವರು. ‘ಯಾವ ವಿತರಣೆ ಹೊಂದುತ್ತದೆ, ಯಾಕೆ?’ ಅಂತ ಕೇಳಿ ಸುಮ್ಮನಾಗುತ್ತದೆ. ಸರಾಸರಿ ತೆಗೆದರೆ 0.61. ವೇರಿಯನ್ಸ್ ತೆಗೆದರೆ ಅದೂ 0.61ರ ಹತ್ತಿರ. ಎರಡೂ ಸಮ ಇದ್ದರೆ ಪಾಯ್ಸಾನ್ (ಅಪರೂಪದ ಘಟನೆಗಳನ್ನು ಎಣಿಸುವ ವಿತರಣೆ) ನೆನಪಾಗಬೇಕು. ಪಾಯ್ಸಾನ್ ಪ್ರಕಾರ ಸಾವಿಲ್ಲದ ದಾಖಲೆ 108.7 ಇರಬೇಕು, ಇರುವುದು 109. ನೋಟ್‌ಬುಕ್‌ನಲ್ಲಿ ಆ ಎರಡು ಸಂಖ್ಯೆ ಪಕ್ಕಪಕ್ಕ ಬಂದಾಗ ನಿದ್ದೆ ಹಾರಿಹೋಯಿತು. ಹೀಗೆ ಇನ್ನೊಂದು ಐವತ್ತು ಪ್ರಶ್ನೆ ಕೊಡೋಕೆ ಏನಾಗಿತ್ತು ಇವರಿಗೆ?

ಈಗ ನಾವೇ ದಾರಿ ಮಾಡಿಕೊಂಡಿದ್ದೇವೆ. ರೂಮ್‌ಮೇಟ್ ಪ್ರಶ್ನೆಯನ್ನು ಜೋರಾಗಿ ಓದುತ್ತಾಳೆ. ವಿತರಣೆಯ ಹೆಸರು ಬಂದ ಕಡೆ ‘ಅದೇ ಅದು’ ಅನ್ನುತ್ತಾಳೆ. ನಾನು ಹೆಸರನ್ನೂ ಕಾರಣವನ್ನೂ ಹೇಳಬೇಕು. ಸಾಲದ ಲೆಕ್ಕವನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿದ್ದೇನೆ. ಒಂದು ಅಡ್ಡಸಾಲಿನ 20 ಚೌಕಕ್ಕೂ 0 ಮತ್ತು 1ರ ನಡುವಿನ ಬೇರೆ ಬೇರೆ ರ‍್ಯಾಂಡಮ್ ಸಂಖ್ಯೆ, ಇನ್ನೊಂದು ಅಡ್ಡಸಾಲಿಗೆಲ್ಲ ಒಂದೇ ಸಂಖ್ಯೆ. 0.05ಕ್ಕಿಂತ ಕಡಿಮೆ ಬಂದರೆ ಸಾಲ ಮುಳುಗಿತು. ಹೊಸ ಸಂಖ್ಯೆ ತರಿಸುವ ಎಫ್9 ಕೀ ಒತ್ತುತ್ತಾ ಹೋದರೆ ಮೊದಲನೆಯದರಲ್ಲಿ ಹೆಚ್ಚಾಗಿ 0, 1, 2 ಬರುತ್ತವೆ. ಎರಡನೆಯದರಲ್ಲಿ ಸೊನ್ನೆ, ಸೊನ್ನೆ, ಸೊನ್ನೆ, ಆಮೇಲೆ ಯಾವಾಗಲೋ ದಿಢೀರನೆ 20. ಇದಕ್ಕೆ ದುಡ್ಡೂ ಬೇಡ.

ಇನ್ನೆರಡು ವಿತರಣೆಗಳಾದ ಟಿ ಮತ್ತು ಕೈ-ಸ್ಕ್ವೇರ್ (chi-square) ಪಾಠಗಳು ಪರವಾಗಿಲ್ಲ. ಪಿ-ವ್ಯಾಲ್ಯೂ (ನಿಜವಾದ ವ್ಯತ್ಯಾಸ ಏನೂ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಂಭವ) ವಿವರಣೆ ತೀರಾ ಅವಸರದ್ದು.

ಸ್ಕಾಲರ್‌ಶಿಪ್ ದುಡ್ಡಲ್ಲಿ ಓದುವ ನನಗೆ ವರ್ಷದ ಪ್ಲ್ಯಾನ್ ದುಬಾರಿ. ಈ ಸಲ ನವೀಕರಿಸಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಒಂದು ತಿಂಗಳಿಗೆ ತೆಗೆದುಕೊಳ್ಳುತ್ತೇನೆ, ಬಣ್ಣ ತುಂಬುವ ಆ ಗೆರೆಗೋಸ್ಕರ. ಪಾಠದ ಹೆಸರು ಮುಚ್ಚಿಡುವ ಒಂದು ಬಟನ್ ಕೊಡಿ ಅಂತ ಕಂಪನಿಗೆ ಬರೆದಿದ್ದೆ. ‘ಪರಿಶೀಲಿಸುತ್ತೇವೆ’ ಅಂದರು. ಮುಂದಿನ ಅಪ್‌ಡೇಟ್‌ನಲ್ಲಿ ಬಂದದ್ದು ಡಾರ್ಕ್ ಮೋಡ್.