ಜಮಾ-ಖರ್ಚಿನ ರಟ್ಟಿನೊಳಗೆ ಜಲವರ್ಣ

ಶಿರಸಿಯಲ್ಲಿ ದೇವಿಕೆರೆ ಕಡೆಯ ಒಂದು ಓಣಿಯಲ್ಲಿ ಹಳೇ ಬೈಂಡಿಂಗ್ ಅಂಗಡಿಯಿದೆ. ಅಡಿಕೆ ವ್ಯಾಪಾರದವರ ಲೆಕ್ಕದ ಪುಸ್ತಕ, ಸೊಸೈಟಿಯ ರಿಜಿಸ್ಟರ್, ಯಾರದೋ ಅಜ್ಜನ ಕಾಲದ ಪಂಚಾಂಗ, ಎಲ್ಲ ಅಲ್ಲಿ ರಾಶಿ ಬಿದ್ದಿರುತ್ತವೆ. ಕಳೆದ ವರ್ಷ ಮೇ ತಿಂಗಳಲ್ಲಿ ನಾನು ಅಲ್ಲಿ ಚಿತ್ರ ಬರೆಯುವ ಒಂದು ಖಾಲಿ ಪುಸ್ತಕ ಹೊಲಿಸಿದೆ. ಅದು ಕಾರವಾರದ ಒಂದು ಮಳೆಗಾಲವನ್ನು ತಡೆದುಕೊಂಡಿದೆ. ಅದಾಗದೆ ಅದರ ಬಗ್ಗೆ ಬರೆಯಬಾರದು ಅಂತ ಕಾದಿದ್ದೆ.

ಪೇಟೆಯಲ್ಲಿ ಸಿದ್ಧ ಪುಸ್ತಕ ಸಿಗುವಾಗ ಹೊಲಿಸುವ ಉಸಾಬರಿ ಯಾಕೆ ಅಂತ ಕೇಳುತ್ತೀರಿ. ಕಾರಣ ಒಂದು ಸೇತುವೆ.

ನಾನು ಕಾರವಾರದ ಒಂದು ಸರ್ಕಾರಿ ಕಚೇರಿಯಲ್ಲಿ ಎಸ್‌ಡಿಎ. ಸಂಜೆ ಹೊತ್ತು ಕೋಡಿಬಾಗಕ್ಕೆ ಹೋಗಿ ಕಾಳಿ ನದಿ ನೋಡುತ್ತಾ ಕೂರುವುದು, ಕೈಗೆ ಬಂದ ಚಿತ್ರ ಬರೆಯುವುದು ಅಭ್ಯಾಸ. ಹಾಗೆ ಒಮ್ಮೆ ಹಳೇ ಸೇತುವೆಯನ್ನೂ ಬರೆದಿದ್ದೆ. ಹಿಂದೆ ಸದಾಶಿವಗಡದ ಗುಡ್ಡ, ಕೆಳಗೆ ಒಂದು ದೋಣಿ. ಮಹಾ ಚಿತ್ರವೇನಲ್ಲ. 2024ರ ಆಗಸ್ಟ್ 7ರಂದು, ಮಧ್ಯರಾತ್ರಿ ದಾಟಿದ ಮೇಲೆ, ಆ ಸೇತುವೆ ಕುಸಿದು ನದಿಗೆ ಬಿತ್ತು. ಬೆಳಿಗ್ಗೆ ಸುದ್ದಿ ಕೇಳಿ ಮೊದಲು ತೆಗೆದದ್ದು ಆ ಪುಸ್ತಕ. ಆನ್‌ಲೈನಿನಲ್ಲಿ 700 ರೂಪಾಯಿ ಕೊಟ್ಟು ತರಿಸಿದ್ದು, ಬೆನ್ನಿಗೆ ಬರೀ ಗೋಂದು, ಹೊಲಿಗೆಯೇ ಇಲ್ಲ. ತೆರೆದರೆ ನಾಲ್ಕು ಹಾಳೆ ಕೈಗೇ ಬಂದವು. ಸೇತುವೆಯ ಪುಟ ಎದುರಿನ ಪುಟಕ್ಕೆ ಅಂಟಿಕೊಂಡಿತ್ತು. ಎಳೆದೆ. ಆಕಾಶ ಆ ಕಡೆಗೆ ಹೋಯಿತು, ಸೇತುವೆ ಅರ್ಧ ಈ ಕಡೆ ಉಳಿಯಿತು.

ತಪ್ಪು ಪುಸ್ತಕದ್ದೊಂದೇ ಅಲ್ಲ. ನನ್ನ ಬಣ್ಣದಲ್ಲಿ ಜೇನು ಸೇರಿಸಿರುತ್ತಾರೆ, ಬೇಗ ಒಣಗಿ ಬಿರಿಯದಿರಲಿ ಅಂತ. ಒಣ ಊರಿಗೆ ಅದು ಒಳ್ಳೆಯದೇ. ನಮ್ಮ ಕರಾವಳಿಯಲ್ಲಿ ಜೂನ್ ಬಂತೆಂದರೆ ಡಬ್ಬಿಯೊಳಗಿನ ಬಣ್ಣ ಬೆಲ್ಲದ ಪಾಕ. ಈಗ ಮಳೆಗಾಲಕ್ಕೆ ಜೇನಿಲ್ಲದ ಬಣ್ಣ ಬೇರೆಯೇ ಇಟ್ಟಿದ್ದೇನೆ. ಡಬ್ಬಿ ಮುಚ್ಚುವುದೂ ಇಲ್ಲ. ಮುಚ್ಚಿಟ್ಟರೆ ಮೂರೇ ದಿನಕ್ಕೆ ಬೂಷ್ಟು.

ಸರಿ, ಅಂಗಡಿಗೆ ಬರೋಣ. ಕಾಗದ ನಾವೇ ಒಯ್ಯಬೇಕು. ನಾನು ಹುಬ್ಬಳ್ಳಿಯಿಂದ ಎರಡು ದೊಡ್ಡ ಹಾಳೆ ತಂದೆ. 22 ಇಂಚು ಅಗಲ, 30 ಇಂಚು ಉದ್ದ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕ), ಪೂರ್ತಿ ಹತ್ತಿಯದ್ದು. ಎರಡಕ್ಕೆ 620 ರೂಪಾಯಿ. ಒಂದನ್ನು ಎಂಟು ತುಂಡು ಮಾಡಿದರೆ ತುಂಡಿಗೆ ಏಳೂವರೆ ಇಂಚು, ಹನ್ನೊಂದು ಇಂಚು. ನಡುವೆ ಮಡಚಿದರೆ ಐದೂವರೆ ಇಂಚು ಅಗಲದ ಪುಟ. ಎರಡು ಹಾಳೆಗೆ ಒಟ್ಟು 64 ಪುಟ. ಮನೆಯಲ್ಲೇ ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ಹರಿದೆ. ಕತ್ತರಿಸಿದರೆ ಅಂಚು ಬ್ಲೇಡಿನ ಹಾಗಾಗುತ್ತದೆ, ಹರಿದರೆ ಹತ್ತಿಯ ಎಳೆ ಎದ್ದು ಮೆತ್ತಗಿರುತ್ತದೆ. ನನಗೆ ಆ ಅಂಚೇ ಇಷ್ಟ.

ಅಂಗಡಿಯ ಅಜ್ಜ ಹಾಳೆಯನ್ನು ಬೆಳಕಿಗೆ ಹಿಡಿದರು, ಬೆರಳಲ್ಲಿ ತಟ್ಟಿದರು. "ಇದ್ರಲ್ಲಿ ಲೆಕ್ಕ ಬರಿಯೂಕೆ ಬರೂದಿಲ್ಲ, ತಂಗಿ. ಶಾಯಿ ಹರಡ್ತದೆ" ಅಂದರು. ಲೆಕ್ಕಕ್ಕಲ್ಲ, ಬಣ್ಣಕ್ಕೆ ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಹೊಲಿಗೆ ಮಾತ್ರ ಕಣ್ಣಿಗೆ ಕಟ್ಟುವಂಥದ್ದು. ಎರಡೆರಡು ತುಂಡು ಸೇರಿಸಿ ಎಂಟು ಸಣ್ಣ ಕಟ್ಟು ಮಾಡಿದರು. ದಾರಕ್ಕೆ ಮೇಣ ತಿಕ್ಕಿದರು. ಪ್ರತಿ ಕಟ್ಟಿನ ಮಡಿಕೆಯೊಳಗೆ ಸೂಜಿ ಹೋಗಿ, ಹಿಂದಿನ ಕಟ್ಟಿನ ದಾರಕ್ಕೆ ಗಂಟು ಬಿದ್ದು ಬರುತ್ತದೆ. ಅಡಿಕೆ ಮಂಡಿಯ ಪುಸ್ತಕವನ್ನು ದಿನಕ್ಕೆ ನೂರು ಸಲ ತೆರೆದು ಮುಚ್ಚುತ್ತಾರಲ್ವಾ, ಅದಕ್ಕೆ ಬೇಕಾದ ಗಟ್ಟಿತನವೇ ನನ್ನ ಪುಸ್ತಕಕ್ಕೂ ಬಂತು. ಯಾವ ಪುಟ ತೆರೆದರೂ ಪೂರ್ತಿ ಚಪ್ಪಟೆ. ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ಬರೆದಿದ್ದೇನೆ. ಗೆರೆ ನಡುಗಿದೆ, ಪುಸ್ತಕ ಮಡಚಿಕೊಂಡಿಲ್ಲ.

ರಟ್ಟಿಗೆ ಮೈದಾ ಅಂಟು ಕಾಯಿಸುತ್ತಿದ್ದರು. ನೋಡಿದರೆ ಅಂಟು ತೆಳು ನೀಲಿ. "ಮೈಲುತುತ್ತ ಹಾಕ್ತೆ. ಹುಳ ಮುಟ್ಟೂದಿಲ್ಲ" ಅಂದರು. ನಗು ಬಂತು. ನಮ್ಮ ಮನೆಯಲ್ಲಿ ಮೈಲುತುತ್ತ ಅಂದರೆ ಅಡಿಕೆಯ ಕೊಳೆರೋಗದ ಔಷಧಿ. ಕಿಲೋ ಮೈಲುತುತ್ತ, ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆಗಾಲ ಮುಗಿಯುವಷ್ಟರಲ್ಲಿ ಅಪ್ಪನ ಅಂಗಿಗೆಲ್ಲ ನೀಲಿ ಕಲೆ. ಅದೇ ನೀಲಿ ಈಗ ನನ್ನ ಪುಸ್ತಕದ ಮೊದಲ ಪುಟದ ಮೂಲೆಯಲ್ಲಿ ಇಷ್ಟೇ ಇಷ್ಟು ಕಾಣುತ್ತದೆ. ಹುಳವಂತೂ ಇದುವರೆಗೆ ಬಂದಿಲ್ಲ.

ಇನ್ನು ತಕರಾರು. ಒಂದು ವಾರ ಅಂದವರು ಮೂರು ವಾರ ಮಾಡಿದರು. ಅಂಚು ಕತ್ತರಿಸಬೇಡಿ ಅಂತ ಎರಡು ಸಲ ಹೇಳಿದ್ದೆ. ಹೋಗಿ ನೋಡಿದರೆ ಮೂರೂ ಬದಿ ಮೆಷಿನ್ನಿಗೆ ಕೊಟ್ಟು ನುಣ್ಣಗೆ ಮಾಡಿಟ್ಟಿದ್ದಾರೆ. "ಜುಂಜು ಜುಂಜು ಇತ್ತು, ಚಂದ ಮಾಡಿದೆ" ಅಂತ ಖುಷಿಯಲ್ಲಿ ಹೇಳುವವರ ಹತ್ತಿರ ಜಗಳ ಮಾಡುವುದು ಹೇಗೆ? ಮೇಲೆ ರೂಢಿಯಂತೆ ಬಿಳಿ ಚೀಟಿ ಅಂಟಿಸಿ 'ಜಮಾ-ಖರ್ಚು' ಅಂತ ದುಂಡಗೆ ಬರೆದಿದ್ದರು. ಅದನ್ನು ಕಿತ್ತಿಲ್ಲ. ಕಚೇರಿಯ ಮೇಜಿನ ಮೇಲೆ ಇಟ್ಟರೂ ಯಾರೂ ತೆರೆದು ನೋಡುವುದಿಲ್ಲ!

ದೊಡ್ಡ ದೋಷ ರಟ್ಟಿನ ಬಟ್ಟೆಯದು. ಕೆಂಪು ಬಟ್ಟೆ, ಲೆಕ್ಕದ ಪುಸ್ತಕದ್ದೇ. ಜುಲೈನಲ್ಲಿ ಟಾಗೋರ್ ಕಡಲತೀರದಲ್ಲಿ ಮಳೆಗೆ ಸಿಕ್ಕಿಬಿದ್ದೆ. ಬಟ್ಟೆ ಬಣ್ಣ ಬಿಟ್ಟು ಹತ್ತು ಪುಟದ ಅಂಚು ಕೆಂಪಾಯಿತು. ಶಿರಸಿಯ ಮಾರಿಗುಡಿಯ ಗೋಡೆಯ ಕೆಮ್ಮಣ್ಣಿನ ಕಾವಿ ಚಿತ್ರ ಬರೆದ ಪುಟಕ್ಕೆ ಅದು ಚಂದವೇ ಆಯಿತು ಅನ್ನಿ. ಆದರೆ ಸಾಣಿಕಟ್ಟೆಯ ಉಪ್ಪಿನ ಆಗರಕ್ಕೆ ಆ ಕೆಂಪು ಯಾಕೆ? ನೀವು ಹೊಲಿಸುವುದಾದರೆ ಬಟ್ಟೆಯ ಚೂರು ಕೇಳಿ ತಂದು, ನೀರಲ್ಲಿ ಅದ್ದಿ, ಬಿಳಿ ಕರವಸ್ತ್ರಕ್ಕೆ ಒತ್ತಿ ನೋಡಿ. ಹಸಿರು ಬಟ್ಟೆಯೂ ಇದೆ ಅವರಲ್ಲಿ, ಅದು ಬಣ್ಣ ಬಿಡುವುದಿಲ್ಲ. ನಾನು ಆಮೇಲೆ ನೋಡಿದೆ.

ಕಾಗದದ ಬಗ್ಗೆ ಎರಡು ಮಾತು. ಹತ್ತಿಯ ಕಾಗದದ ಮೇಲೆ ಬಣ್ಣದ ಮೇಲೆ ಬಣ್ಣ ಹಾಕಿದರೂ ಅಡಿಯದ್ದು ಎದ್ದು ಬರುವುದಿಲ್ಲ. ಮೀನು ಮಾರ್ಕೆಟ್ಟಿನಲ್ಲಿ ಬಂಗಡೆಯ ಬೆನ್ನಿನ ನೀಲಿ-ಹಸಿರು ಪಟ್ಟೆ ಬರೆಯುವಾಗ ಅದರ ಬೆಲೆ ಗೊತ್ತಾಯಿತು. ಮೂರು ಸಲ ಬಣ್ಣ ಹಾಕಿದೆ. "ತಗೊಳ್ಳೂದಿಲ್ವಾ ಬಾಯಿ, ಸುಮ್ನೆ ನೋಡೂದಾ?" ಅಂತ ಮೀನಿನವಳು ಬೈದಳು. ಮನೆಯಲ್ಲಿ ಆಯಿ, ಅಂದರೆ ಅಮ್ಮ, ಆ ಪುಟ ನೋಡಿ "ಇದೆಂತದೇ ಕೂಸೆ, ಮೀನು!" ಅಂತ ಪುಸ್ತಕ ದೂರ ಸರಿಸಿದಳು. ಬಣ್ಣ ಒಮ್ಮೆಲೇ ಇಂಗದಿರಲಿ ಅಂತ ಇಂಥ ಕಾಗದಕ್ಕೆ ಜೆಲಾಟಿನ್ ಲೇಪ ಕೊಟ್ಟಿರುತ್ತಾರೆ. ಅದು ಬರುವುದು ದನದ ಚರ್ಮ, ಮೂಳೆಯಿಂದ. ಅದನ್ನು ಆಯಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಆ ಲೇಪಕ್ಕೆ ತೇವವೇ ವೈರಿ. ಅದು ಕೆಟ್ಟ ಕಡೆ ಬಣ್ಣ ಬ್ಲಾಟಿಂಗ್ ಪೇಪರಿಗೆ ಬಿದ್ದ ಹಾಗೆ ಚುಕ್ಕೆ ಚುಕ್ಕೆಯಾಗಿ ಇಂಗುತ್ತದೆ. ಆಗಸ್ಟಿನಲ್ಲಿ ಪುಸ್ತಕವನ್ನು ಕಬ್ಬಿಣದ ಕಪಾಟಿನಲ್ಲಿ ಹದಿನೈದು ದಿನ ಮರೆತಿದ್ದೆ. ಕೊನೆಯ ಎರಡು ಪುಟ ಹಾಗಾದವು. ಅದು ಅಜ್ಜನ ತಪ್ಪಲ್ಲ. ಈಗ ಗಾಳಿಯಾಡದ ಡಬ್ಬಿಯಲ್ಲಿ, ಔಷಧಿ ಬಾಟಲಿಗಳಿಂದ ಕೂಡಿಟ್ಟ ಸಿಲಿಕಾ ಪೊಟ್ಟಣಗಳ ಜೊತೆ ಇಡುತ್ತೇನೆ. ಊರಿಗೆ ಹೋದಾಗ ಬಚ್ಚಲ ಒಲೆಯ ಮೇಲಿನ ತಂತಿಗೆ, ಒದ್ದೆ ಬಟ್ಟೆಯ ಪಕ್ಕ, ಹಗ್ಗ ಕಟ್ಟಿ ತೂಗಿಬಿಡುತ್ತೇನೆ. ಸ್ವಲ್ಪ ಹೊಗೆ ವಾಸನೆ ಬರುತ್ತದೆ, ಅಷ್ಟೇ.

ಹೊಲಿಗೆ, ರಟ್ಟು, ಬಟ್ಟೆ ಎಲ್ಲ ಸೇರಿ 220 ರೂಪಾಯಿ ತಗೊಂಡರು. ಕಾಗದ ಸೇರಿದರೆ 840. ಸಿದ್ಧ ಪುಸ್ತಕಕ್ಕಿಂತ ಜಾಸ್ತಿಯೇ. ಆದರೆ ಅದರಲ್ಲಿದ್ದದ್ದು 40 ಪುಟ, ಹತ್ತಿಯೂ ಅಲ್ಲ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಆ ಅಂಚಿಗೆ, ಕೆಂಪು ಬಟ್ಟೆಯನ್ನು ಕ್ಷಮಿಸಿದ್ದೇನೆ.

ಅಂಗಡಿ ಭಾನುವಾರ ಇಲ್ಲ, ಮಧ್ಯಾಹ್ನ ಒಂದೂವರೆಯಿಂದ ನಾಲ್ಕರ ತನಕ ಊಟ, ನಿದ್ದೆ. ಮಾರ್ಚಿನಲ್ಲಿ ಹೋಗಬೇಡಿ, ವರ್ಷದ ಲೆಕ್ಕದ ಪುಸ್ತಕಗಳ ನಡುವೆ ನಿಮ್ಮದು ಅಡಿಗೆ ಹೋಗುತ್ತದೆ. ಜೂನ್ ದಾಟಿದರೆ ಅಂಟು ಒಣಗುವುದಿಲ್ಲ. ಅಂಚು ಕತ್ತರಿಸಬೇಡಿ ಅಂತ ಬಾಯಲ್ಲಿ ಹೇಳಿದರೆ ಸಾಲದು, ಚೀಟಿ ಬರೆದು ಮೇಲಿನ ಹಾಳೆಗೆ ಕ್ಲಿಪ್ ಹಾಕಿ ಕೊಡಿ. ಎರಡನೇ ಪುಸ್ತಕಕ್ಕೆ ನಾನು ಹಾಗೇ ಮಾಡಿ ಕೊಟ್ಟು ಬಂದಿದ್ದೇನೆ. ಒಂದು ವಾರ ಅಂದಿದ್ದಾರೆ.