ಕೆನಡಾ ತಿಳಿಯಲು ಮೊದಲು ಯಾವ ಪುಸ್ತಕ?

ಸುಸಾನಾ ಮೂಡಿ ಅವರ ‘ರಫಿಂಗ್ ಇಟ್ ಇನ್ ದ ಬುಷ್’ (1852), ಪಿಯೆರ್ ಬರ್ಟನ್ ಅವರ ‘ದ ಲಾಸ್ಟ್ ಸ್ಪೈಕ್’ (1971), ಜಾಯ್ ಕೊಗಾವಾ ಅವರ ‘ಒಬಾಸಾನ್’ (1981): ಇವುಗಳಲ್ಲಿ ಯಾವುದನ್ನು ಮೊದಲು ಓದಲಿ ಎಂದು ಕೇಳಿದ್ದೀರಿ.

ಖರ್ಚಿನ ಮಾತು ಬೇಗ ಮುಗಿಯುತ್ತದೆ. ಮೂಡಿ ಕೃತಿ ಅಂತರ್ಜಾಲದಲ್ಲಿ ಉಚಿತ. ಉಳಿದೆರಡನ್ನು ಕೊಳ್ಳಬೇಕು, ಇಲ್ಲವೇ ಗ್ರಂಥಾಲಯದಲ್ಲಿ ಹುಡುಕಬೇಕು.

ದಿನನಿತ್ಯದ ಬದುಕು ಕಾಣಬೇಕೆಂದರೆ ಮೂಡಿಯನ್ನೇ ಹಿಡಿಯಿರಿ. 1832ರಲ್ಲಿ ಇಂಗ್ಲೆಂಡಿನಿಂದ ವಲಸೆ ಬಂದ ಈಕೆ, ಡ್ಯಾಂಡಿಲಿಯನ್ ಗಿಡದ ಬೇರನ್ನು ತೊಳೆದು, ಸಣ್ಣಗೆ ಹೆಚ್ಚಿ, ಗರಿಗರಿಯಾಗುವಂತೆ ಹುರಿದು ಕಾಫಿ ಮಾಡಿಕೊಂಡದ್ದನ್ನು ಓದಿದಾಗ ಆ ಘಮ ಮೂಗಿಗೆ ಬಡಿದಂತಾಯಿತು. ಆದರೆ ವಾಕ್ಯಗಳು ಉದ್ದ, ಓದು ನಿಧಾನ. ಮೂಲನಿವಾಸಿಗಳ ಬಗ್ಗೆ, ಬಡ ಐರಿಷ್ ವಲಸಿಗರ ಬಗ್ಗೆ ಆಕೆ ಬರೆಯುವ ಧಾಟಿ ಹಲವೆಡೆ ನನ್ನನ್ನು ನೋಯಿಸಿತು.

ಇಸವಿ, ರಾಜಕಾರಣ, ಹಣಕಾಸು ಒಟ್ಟಿಗೆ ಬೇಕಾದವರಿಗೆ ಬರ್ಟನ್ ಸರಿ. ಕೆನಡಾವನ್ನು ಉದ್ದಕ್ಕೂ ದಾಟುವ ‘ಕೆನಡಿಯನ್ ಪೆಸಿಫಿಕ್’ ರೈಲುಮಾರ್ಗ ಕಟ್ಟಿದ ಕಥೆ ಇದು. ದಪ್ಪ ಪುಸ್ತಕವಾದರೂ ಓಟವಿದೆ. 1885ರ ನವೆಂಬರ್ 7ರಂದು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕ್ರೇಗೆಲಾಕಿಯಲ್ಲಿ, ರೈಲು ಕಂಪನಿಯ ನಿರ್ದೇಶಕ ಡೊನಾಲ್ಡ್ ಸ್ಮಿತ್ ಹಳಿಯ ಕೊನೆಯ ಮೊಳೆ ಹೊಡೆಯಲು ಹೋದಾಗ ಅದು ಬಾಗಿ, ಇನ್ನೊಂದನ್ನು ತರಬೇಕಾಯಿತು. ಆ ಗಳಿಗೆಗೆ ಬರುವಷ್ಟರಲ್ಲಿ ನೀವೂ ಹಳಿಯ ಪಕ್ಕದಲ್ಲಿ ನಿಂತಿರುತ್ತೀರಿ.

‘ಒಬಾಸಾನ್’ ಕಾದಂಬರಿ. ಎರಡನೇ ಮಹಾಯುದ್ಧದಲ್ಲಿ ಸುಮಾರು 22,000 ಜಪಾನಿ ಮೂಲದವರನ್ನು ಪಶ್ಚಿಮ ಕರಾವಳಿಯಿಂದ ಎಬ್ಬಿಸಿದ ಅನ್ಯಾಯ ಇದರ ಹಿನ್ನೆಲೆ; ಬಾಲ್ಯದಲ್ಲಿ ಕೊಗಾವಾ ಅದನ್ನು ಸ್ವತಃ ಅನುಭವಿಸಿದ್ದರು. ಪುಟ ಕಡಿಮೆ, ಭಾರ ಹೆಚ್ಚು. ಅಲ್ಲಿ ನೆಲೆಸಲು ಹೊರಟಿರುವ ವಲಸಿಗರಾದರೆ ಇದನ್ನೇ ಮೊದಲು ಕೈಗೆತ್ತಿಕೊಳ್ಳಿ ಎನ್ನುತ್ತೇನೆ. ಪ್ರವಾಸಕ್ಕೆ ರೈಲು ಹತ್ತುವವರಾದರೆ ಬರ್ಟನ್.