ನಾಲ್ಕು ವರ್ಷ ನುಡಿಸಿದ ಮೇಲೆ ಒಂದು ಸ್ಯಾಂಪಲ್ ರೋಡ್ಸ್ ಬಗ್ಗೆ

ಎಪ್ಪತ್ತರ ದಶಕದ ಒಂದು ರೋಡ್ಸ್ ಸ್ಟೇಜ್ ಎಲೆಕ್ಟ್ರಿಕ್ ಪಿಯಾನೊದ 73 ಕೀಗಳನ್ನೂ ಒಂದೊಂದಾಗಿ ರೆಕಾರ್ಡ್ ಮಾಡಿ (ಹಾಗೆ ಹಿಡಿದ ತುಣುಕೇ ಸ್ಯಾಂಪಲ್), ಕಂಪ್ಯೂಟರ್‌ನಲ್ಲಿ ನುಡಿಸಲು ಕಟ್ಟಿದ ದನಿಗಳ ಲೈಬ್ರರಿ ಇದು. ನಾಲ್ಕು ವರ್ಷದಿಂದ ನನ್ನ ಹೆಚ್ಚುಕಡಿಮೆ ಎಲ್ಲ ಟ್ರ್ಯಾಕ್‌ಗಳಲ್ಲೂ ಇದೆ. ಕೊಂಡ ಮೊದಲ ವಾರದಲ್ಲೇ ಬರೆದಿದ್ದರೆ ಪ್ರೀಸೆಟ್‌ಗಳನ್ನು, ಅಂದರೆ ಮೊದಲೇ ಹೊಂದಿಸಿಟ್ಟ ದನಿಗಳನ್ನು, ಹೊಗಳುತ್ತಿದ್ದೆ. ಈಗ ಒಂದನ್ನೂ ಬಳಸುವುದಿಲ್ಲ. ತೆರೆದ ಕೂಡಲೇ ಕೋರಸ್, ಫೇಸರ್, ರಿವರ್ಬ್ ಎಲ್ಲವನ್ನೂ ಹೊತ್ತುಕೊಂಡೇ ಬರುತ್ತವೆ. ಒಂಟಿಯಾಗಿ ಕೇಳಿದರೆ ಸೊಗಸು. ಬೇಸ್, ಡ್ರಮ್ಸ್, ಹಾಡುವ ದನಿ ಸೇರಿದ ಮೇಲೆ ಪಿಯಾನೊ ಮಬ್ಬಾಗಿ ಹಿಂದೆ ಸರಿದುಬಿಡುತ್ತದೆ. ಎಫೆಕ್ಟ್‌ಗಳನ್ನೆಲ್ಲ ಆಫ್ ಮಾಡಿ ಹತ್ತು ನಿಮಿಷ ನುಡಿಸಿ ನೋಡಿ. ಲೈಬ್ರರಿ ಮಾಡಿದವರ ನಿಜವಾದ ದುಡಿಮೆ ಕೇಳುವುದು ಆಗಲೇ.

ರೋಡ್ಸ್ ಒಳಗೆ ಎಳೆದು ಕಟ್ಟಿದ ತಂತಿಗಳಿಲ್ಲ. ಕೀ ಒತ್ತಿದರೆ ಸುತ್ತಿಗೆ ಹೋಗಿ ಒಂದು ತೆಳ್ಳಗಿನ ಉಕ್ಕಿನ ಕಡ್ಡಿಗೆ ಬಡಿಯುತ್ತದೆ. ಅದೇ ಟೈನ್. ಅದೂ ಅದಕ್ಕೆ ಅಂಟಿಕೊಂಡ ಟೋನ್‌ಬಾರ್ ಎಂಬ ಲೋಹದ ಪಟ್ಟಿಯೂ ಸೇರಿ ಒಂದು ಶ್ರುತಿಕವೆಯ ಹಾಗೆ ಕಂಪಿಸುತ್ತವೆ. ಟೈನ್‌ನ ತುದಿಗೆ ಎದುರಾಗಿ, ಆ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಕೂತಿರುತ್ತದೆ. ಟೈನ್ ಪಿಕಪ್‌ನ ನಟ್ಟನಡುವೆ ನೇರಕ್ಕಿದ್ದರೆ ಒಂದು ಸ್ಥಾಯಿ ಮೇಲಿನ ಸ್ವರ ಮುಂದೆ ಬರುತ್ತದೆ, ತುಸು ಮೇಲಕ್ಕೋ ಕೆಳಕ್ಕೋ ಸರಿದಿದ್ದರೆ ಮೂಲ ಸ್ವರ ತುಂಬಿ ಕೇಳುತ್ತದೆ. ಪಿಕಪ್ ತೀರಾ ಹತ್ತಿರವಿದ್ದರೆ ಹದವಾಗಿ ಹೊಡೆದರೂ ಗುರುಗುಟ್ಟುತ್ತದೆ. ಇದನ್ನೆಲ್ಲ ಪ್ರತಿ ಕೀಗೂ ಬೇರೆಬೇರೆಯಾಗಿ, ಕೈಯಲ್ಲಿ, ಸ್ಕ್ರೂ ತಿರುಗಿಸಿ ಹೊಂದಿಸಬೇಕು. ಹಾಗಾಗಿ ಹಳೆಯ ರೋಡ್ಸ್‌ನ ಎಲ್ಲ ಕೀಗಳೂ ಒಂದೇ ಸಮ ಇರುವುದು ಅಪರೂಪ.

ಈ ಲೈಬ್ರರಿಯಲ್ಲಿ ನಡು ಸ್ಥಾಯಿಯ ಇ ಫ್ಲಾಟ್ ಹಾಗೊಂದು ಕೀ. ಪಕ್ಕದ ಡಿ, ವೆಲಾಸಿಟಿ (ಕೀಯನ್ನು ಎಷ್ಟು ಜೋರಾಗಿ ಹೊಡೆದೆವು ಎಂಬುದರ 127ರವರೆಗಿನ ಅಳತೆ) 100 ದಾಟುವವರೆಗೂ ದುಂಡಗೆ ಇರುತ್ತದೆ. ಇ ಫ್ಲಾಟ್ 85ರ ಹತ್ತಿರವೇ ಗುರುಗುಟ್ಟಲು ಶುರು. ಮೊದಲ ಕೆಲವು ತಿಂಗಳು ಅದನ್ನು ದೋಷ ಎಂದುಕೊಂಡು, ನುಡಿಸಿದ ಸ್ವರಗಳನ್ನು ಪರದೆಯ ಮೇಲೆ ತೋರಿಸುವ ಪಿಯಾನೊ ರೋಲ್‌ನಲ್ಲಿ ಆ ಸ್ವರ ಬಂದಲ್ಲೆಲ್ಲ ವೆಲಾಸಿಟಿ ಇಳಿಸುತ್ತಾ ಕೂರುತ್ತಿದ್ದೆ. ಒಮ್ಮೆ ಸಿ ಮೈನರ್‌ನಲ್ಲಿ ನಿಧಾನ ಗತಿಯ ಹಾಡೊಂದನ್ನು ಮಾಡುವಾಗ ತಿದ್ದುವುದು ಮರೆತೆ. ಕಾರ್ಡ್‌ನ ನಡುವಿನ ಸ್ವರ ಅದೇ ಇ ಫ್ಲಾಟ್. ನುಡಿಸಿದಾಗೆಲ್ಲ ಕಾರ್ಡ್‌ನ ನಡುವಿನಿಂದ ಯಾರೋ ಗಂಟಲು ಎತ್ತಿದ ಹಾಗೆ ಆ ಸ್ವರ ಮೇಲೆದ್ದು ಬರುತ್ತಿತ್ತು. ಆ ಹಾಡಿನ ಬಣ್ಣವೇ ಅದಾಯಿತು. ಅಂದಿನಿಂದ ಆ ಕೀಯ ವೆಲಾಸಿಟಿಯನ್ನು ತಿದ್ದಲು ಹೋಗಿಲ್ಲ.

ಕೊಳ್ಳುವವರು ಮೊದಲು ಮಾಡಬೇಕಾದ ಕೆಲಸ ವೆಲಾಸಿಟಿ ಕರ್ವ್, ಅಂದರೆ ಬೆರಳಿನ ಯಾವ ಹೊಡೆತ ಎಷ್ಟು ವೆಲಾಸಿಟಿ ಆಗಬೇಕು ಎಂಬುದನ್ನು ಹೊಂದಿಸುವುದು. ಇದರ ಜೀವ ಇರುವುದು ಸುಮಾರು 60ರಿಂದ 95ರ ನಡುವೆ. ಭಾರವಿಲ್ಲದ ಕೀಗಳ ಸಣ್ಣ ಮಿಡಿ ಕೀಬೋರ್ಡ್‌ನಲ್ಲಿ (ಮಿಡಿ ಎಂದರೆ ದನಿಯಲ್ಲ, ಯಾವ ಕೀ ಎಷ್ಟು ಜೋರಾಗಿ ಎಂಬ ಸೂಚನೆ ಮಾತ್ರ) ಬೆರಳು ಇಟ್ಟರೆ ಸಾಕು, 110ಕ್ಕೆ ಹಾರುತ್ತದೆ. ಆಗ ಪ್ರತಿ ಸ್ವರವೂ ಕಿರುಚುತ್ತದೆ, 'ಸ್ಯಾಂಪಲ್ ಸರಿಯಿಲ್ಲ' ಎಂಬ ದೂರು ಹುಟ್ಟುತ್ತದೆ. ನಿಮಗೆ ಅಭ್ಯಾಸವಿರುವುದನ್ನೇ ಐದು ನಿಮಿಷ ನುಡಿಸಿ ರೆಕಾರ್ಡ್ ಮಾಡಿಕೊಂಡು, ವೆಲಾಸಿಟಿ ಗೆರೆಗಳು ಎಲ್ಲಿ ಗುಂಪುಗೂಡಿವೆ ನೋಡಿ, ಆ ಗುಂಪು 75ರ ಆಸುಪಾಸಿಗೆ ಬರುವ ಹಾಗೆ ಕರ್ವ್ ಬಗ್ಗಿಸಿ. ನನಗೆ ಒಂದು ಸಂಜೆ ಹಿಡಿಯಿತು. ಅದಾದ ಮೇಲೆ ಬೇರೆಯೇ ವಾದ್ಯ ಕೈಗೆ ಬಂದಂತಾಯಿತು.

ಕೀ ಬಿಟ್ಟಾಗ ಡ್ಯಾಂಪರ್ ಟೈನ್‌ಗೆ ತಾಗುವ ಮೆತ್ತನೆಯ ಸದ್ದನ್ನೂ ಪ್ರತ್ಯೇಕವಾಗಿ ರೆಕಾರ್ಡ್ ಮಾಡಿದ್ದಾರೆ. ಅದರ ಮಟ್ಟವನ್ನು ಬೇಕಾದಂತೆ ಏರಿಸಿ ಇಳಿಸಬಹುದು. ಬರೀ ಪಿಯಾನೊ ಮತ್ತು ದನಿ ಇರುವ ಹಾಡಿನಲ್ಲಿ ಸ್ವಲ್ಪ ಏರಿಸಿ, ಹೆಡ್‌ಫೋನ್‌ನಲ್ಲಿ ಕೇಳಿ. 1965ರ ಸೂಟ್‌ಕೇಸ್ ಮಾದರಿಗೆ ಇದ್ದ ಆಂಪ್ಲಿಫೈಯರ್, ಸ್ಪೀಕರ್ 1970ರಲ್ಲಿ ಬಂದ ಸ್ಟೇಜ್‌ಗೆ ಇರಲಿಲ್ಲ, ಆದ್ದರಿಂದ ಇಲ್ಲಿ ನೇರ ಪಿಕಪ್‌ನ ಚಾನೆಲ್ ಒಂದು, ಆಂಪ್ ಮುಂದೆ ಮೈಕ್ ಇಟ್ಟ ಚಾನೆಲ್ ಇನ್ನೊಂದು. ನಾನು ನೇರ ದನಿಯನ್ನೇ ಮುಂದಿಟ್ಟು ಆಂಪನ್ನು ಕೆಳಗೆ ಬೆರೆಸುತ್ತೇನೆ. ಸೂಟ್‌ಕೇಸ್‌ನ ಪ್ಯಾನೆಲ್ ಮೇಲೆ ವೈಬ್ರಾಟೊ ಎಂದು ಬರೆದಿದ್ದರೂ ಅದು ಎಡಕ್ಕೂ ಬಲಕ್ಕೂ ದನಿಯನ್ನು ಓಲಾಡಿಸುವ ಟ್ರೆಮೊಲೊ. ಅದನ್ನೂ ಇದರಲ್ಲಿ ಕೊಟ್ಟಿದ್ದಾರೆ, ಚೆನ್ನಾಗಿದೆ. ಆದರೆ ಮೊನೊದಲ್ಲಿ ಕೇಳಿದರೆ ಆ ಓಲಾಟ ಬಹುಪಾಲು ಮಾಯವಾಗುತ್ತದೆ. ಹಾಡು ಅದನ್ನೇ ನಂಬಿ ನಿಂತಿದ್ದರೆ ಎಚ್ಚರ.

ಡಿಸ್ಕ್‌ನಲ್ಲಿ ಜಾಗ ಬೇಕು. 73 ಕೀ, ಕೀಗೆ 10 ಲೇಯರ್ (ಬೇರೆಬೇರೆ ಜೋರಿನ ರೆಕಾರ್ಡಿಂಗ್), ಒಂದೊಂದೂ 20 ಸೆಕೆಂಡ್ ಎಂದಿಟ್ಟುಕೊಂಡರೂ 24 ಬಿಟ್, 44.1 ಕಿಲೊಹರ್ಟ್ಸ್ ಸ್ಟೀರಿಯೊದಲ್ಲಿ 3.8 ಜಿಬಿ ದಾಟುತ್ತದೆ. ಎಸ್‌ಎಸ್‌ಡಿಗೆ ಹಾಕಿದ ಮೇಲೆ ನನಗೆ ಚಟಪಟ ಸದ್ದಿನ ಕಾಟ ಬಂದಿಲ್ಲ.

ಸೋಲುವ ಜಾಗವೂ ಇದೆ. ನಿಜವಾದ ರೋಡ್ಸ್‌ನಲ್ಲಿ ಒಂದೇ ಸ್ವರವನ್ನು ಬೇಗಬೇಗ ಹೊಡೆದಾಗ, ಇನ್ನೂ ಕಂಪಿಸುತ್ತಿರುವ ಟೈನ್‌ಗೇ ಸುತ್ತಿಗೆ ಮತ್ತೆ ಬಡಿಯುತ್ತದೆ. ಆದ್ದರಿಂದ ಒಂದು ಪೆಟ್ಟು ಇನ್ನೊಂದರಂತೆ ಇರುವುದಿಲ್ಲ. ಇಲ್ಲಿ ಪ್ರತಿ ಸಲವೂ ಸ್ಯಾಂಪಲ್ ಮೊದಲಿಂದ ಶುರುವಾಗುತ್ತದೆ. ತಾರ ಸ್ಥಾಯಿಯಲ್ಲಿ ಹದಿನಾರನೇ ನೋಟ್‌ಗಳನ್ನು ನುಡಿಸಿದರೆ ಹೊಲಿಗೆ ಯಂತ್ರ ಕೇಳಿದ ಹಾಗಾಗುತ್ತದೆ. ನಿಮ್ಮ ಸಂಗೀತದಲ್ಲಿ ಅಂಥದ್ದೇ ಹೆಚ್ಚಿದ್ದರೆ, ಸ್ಯಾಂಪಲ್ ಬದಲು ವಾದ್ಯದ ಕಂಪನವನ್ನೇ ಲೆಕ್ಕ ಹಾಕಿ ದನಿ ಹುಟ್ಟಿಸುವ ಮಾಡೆಲಿಂಗ್ ಪ್ಲಗಿನ್ ಒಳ್ಳೆಯದು. ವುರ್ಲಿಟ್ಜರ್ ಎಂಬ ಇನ್ನೊಂದು ಎಲೆಕ್ಟ್ರಿಕ್ ಪಿಯಾನೊದ ದನಿ ಬೇಕೆನ್ನುವವರಿಗೂ ಇದು ಆಗದು. ಅದರಲ್ಲಿ ಕಂಪಿಸುವುದು ಉಕ್ಕಿನ ರೀಡ್, ಪಿಕಪ್ಪೂ ಬೇರೆ ಬಗೆಯದು. ಇಕ್ಯೂ (ದನಿಯ ಮಂದ್ರ, ತಾರ ಅಂಶಗಳನ್ನು ಏರಿಸಿ ಇಳಿಸುವ ಸಾಧನ) ತಿರುಚಿ ಅಲ್ಲಿಗೆ ತಲುಪಲಾಗದು.

ನನಗೆ ನಿಜಕ್ಕೂ ನೋವಾದದ್ದು ಎರಡನೇ ವರ್ಷದ ಅಪ್‌ಡೇಟ್‌ನಿಂದ. 'ಕೀಗಳ ನಡುವಿನ ವ್ಯತ್ಯಾಸ ಸರಿಪಡಿಸಲಾಗಿದೆ' ಎಂಬ ಒಂದು ಸಾಲು ಇತ್ತು, ಓದಿ ಮುಂದೆ ಹೋದೆ. ವಾರದ ಮೇಲೆ ಆ ಸಿ ಮೈನರ್ ಹಾಡಿನ ಸೆಷನ್ ತೆರೆದರೆ ಹಾಡು ಸಪ್ಪೆ. ಮಿಕ್ಸ್‌ನಲ್ಲಿ ಏನೋ ಕೆಟ್ಟಿದೆ ಎಂದು ಅರ್ಧ ದಿನ ಕಂಪ್ರೆಸರ್ ತಡಕಾಡಿದೆ. ಕೊನೆಗೆ ಪಿಯಾನೊ ಒಂದನ್ನೇ ಸೋಲೊ ಮಾಡಿ ಕೇಳಿದಾಗ ತಿಳಿಯಿತು: ಇ ಫ್ಲಾಟ್ ಅಕ್ಕಪಕ್ಕದವರ ಹಾಗೇ ನಯವಾಗಿಬಿಟ್ಟಿತ್ತು. ಬರೆದು ಕೇಳಿದ್ದಕ್ಕೆ ಹಳೆಯ ಆವೃತ್ತಿಯ ಲಿಂಕ್ ಕಳಿಸಿದರು. ಅದಕ್ಕೆ ಕೃತಜ್ಞ. ಆದರೂ ಜನ ಹಾಡು ಕಟ್ಟಿ ಮುಗಿಸಿದ ವಾದ್ಯದ ದನಿಯನ್ನು ಬದಲಿಸುವಾಗ ಹಳೆಯದನ್ನೂ ಒಳಗೇ ಉಳಿಸಿ ಒಂದು ಸ್ವಿಚ್ ಕೊಡಬೇಕಿತ್ತು. ಇವತ್ತಿಗೂ ಕೊಟ್ಟಿಲ್ಲ.

ಹಳೆಯ ಇನ್‌ಸ್ಟಾಲರನ್ನು ಎರಡು ಡ್ರೈವ್‌ಗಳಲ್ಲಿ ಇಟ್ಟುಕೊಂಡಿದ್ದೇನೆ, ಹೊಸ ಪ್ರಾಜೆಕ್ಟ್‌ಗಳಿಗೂ ಅದನ್ನೇ ತೆರೆಯುತ್ತೇನೆ. ಹಾಡು ಮುಗಿದ ದಿನವೇ ಪಿಯಾನೊ ಟ್ರ್ಯಾಕನ್ನು ಆಡಿಯೊ ಆಗಿ ಬೌನ್ಸ್ ಮಾಡಿ, ಅಂದರೆ ದನಿಯ ಫೈಲ್ ಆಗಿಯೇ ಉಳಿಸಿ, ಮಿಡಿ ಪಕ್ಕದಲ್ಲೇ ಇಡುತ್ತೇನೆ, ಎಫೆಕ್ಟ್ ಇಲ್ಲದ್ದು ಒಂದು, ಇರುವುದು ಒಂದು.